ಕಾಯಕದ ಕೈ ಮುರಿದಾಗ

ಶರಣರು ಕೈಗೆ ಕೊಟ್ಟ ಸ್ಥಾನ ದೊಡ್ಡದು. ಎಡಗೈ ಇಷ್ಟಲಿಂಗಕ್ಕೆ ಪೀಠ. ಬಲಗೈ ಪೂಜೆಗೂ ಕಾಯಕಕ್ಕೂ ದಾಸೋಹಕ್ಕೂ ಸಾಧನ. ನುಲಿಯ ಚಂದಯ್ಯ ಹಗ್ಗ ಹೊಸೆದುದು, ಮೇದಾರ ಕೇತಯ್ಯ ಬಿದಿರು ಹೆಣೆದುದು, ಜೇಡರ ದಾಸಿಮಯ್ಯ ಬಟ್ಟೆ ನೆಯ್ದುದು, ಎಲ್ಲವೂ ಈ ಕೈಗಳಿಂದಲೇ. ಮೂವತ್ತು ವರ್ಷಗಳ ಕಾಲ ಮಠದ ಶಾಲೆಯಲ್ಲಿ ಈ ಮಾತನ್ನು ಮಕ್ಕಳಿಗೆ ಹೇಳಿಕೊಟ್ಟ ಕನ್ನಡದ ಮಾಸ್ತರರೊಬ್ಬರಿಗೆ ಕೈ ಎಂದರೆ ಏನೆಂಬುದು ಮನದಟ್ಟಾದುದು ನಿವೃತ್ತರಾದ ಮೇಲೆ, ತಮ್ಮ ಎಡಗೈ ಮುರಿದುಕೊಂಡಾಗ.

ಶಿರಸಿಯ ಮಳೆಗಾಲ ಅಂಗಳದ ಕಲ್ಲುಗಳಿಗೆ ಪಾಚಿ ಹೊದಿಸುವುದು ಹೊಸತೇನಲ್ಲ. ಬೆಳಗಿನ ಜಾವ ಪೂಜೆಯ ನೀರಿಗೆಂದು ಹೊರಟ ಮಾಸ್ತರರು ಜಾರಿ ಬಿದ್ದರು. ತಂಬಿಗೆ ಹಿಡಿದಿದ್ದ ಎಡಗೈಯ ಮುಷ್ಟಿಯೇ ಮೆಟ್ಟಿಲಿನ ಕಲ್ಲಿಗೆ ಅಪ್ಪಳಿಸಿತು. ಕಿರುಬೆರಳಿನ ಬುಡದ ಗೆಣ್ಣು ಒಳಕ್ಕೆ ಕುಸಿದು, ಗಳಿಗೆಯೊಳಗೆ ಅಂಗೈಯ ಅಂಚು ಊದಿಕೊಂಡಿತು. ನೋವಿಗಿಂತ ಅವರನ್ನು ಹೆಚ್ಚು ಕಲಕಿದುದು ಆನಂತರ ನಡೆದ ಸಂಗತಿ. ಪೂಜೆಗೆ ಕುಳಿತು ಲಿಂಗವನ್ನು ಎಡಗೈಗೆ ತೆಗೆದುಕೊಂಡರು, ಕೈ ನಡುಗಿತು. ಬಲಗೈಯನ್ನು ಕೆಳಗೆ ಆಸರೆಯಾಗಿ ಕೊಟ್ಟರು. ನಡುಕ ನಿಂತಿತು, ಆದರೆ ಪತ್ರೆ ಏರಿಸಲು ಕೈ ಉಳಿಯಲಿಲ್ಲ. ಒಂದು ಕೈಗೆ ಇನ್ನೊಂದು ಕೈ ಎಷ್ಟು ಬೇಕೆಂಬುದು ಅಂದು ಅವರಿಗೆ ತಿಳಿಯಿತು.

ಅದೇ ಮಧ್ಯಾಹ್ನ ಪಟ್ಟಣದ ಆಸ್ಪತ್ರೆಗೆ ಹೋದರು. ಅಲ್ಲಿಯ ಎಲುಬಿನ ಶಸ್ತ್ರವೈದ್ಯರು ಅವರ ಹಳೆಯ ವಿದ್ಯಾರ್ಥಿ. ಕ್ಷಕಿರಣ ಚಿತ್ರ ನೋಡುವ ಮೊದಲೇ ಮಾಸ್ತರರು ತಮ್ಮ ತೀರ್ಮಾನ ಹೇಳಿಬಿಟ್ಟರು: "ಪ್ಲೇಟು ಹಾಕಿ ಬಿಗಿಮಾಡಿಬಿಡಪ್ಪಾ. ಇದು ಲಿಂಗ ಹಿಡಿಯುವ ಕೈ. ಖರ್ಚಿನ ಯೋಚನೆ ಬೇಡ."

ವೈದ್ಯರು ಉತ್ತರ ಕೊಡಲಿಲ್ಲ. "ಗುರುಗಳೇ, ಮೆಲ್ಲಗೆ ಮುಷ್ಟಿ ಕಟ್ಟಿ" ಎಂದರು. ಆರೋಗ್ಯವಂತ ಕೈಯಲ್ಲಿ ನಾಲ್ಕು ಬೆರಳುಗಳನ್ನೂ ಮಡಚಿದಾಗ ಉಗುರುಗಳು ಒಂದೇ ಸಾಲಿನಲ್ಲಿ ನಿಂತು, ಬೆರಳ ತುದಿಗಳು ಹೆಬ್ಬೆರಳಿನ ಬುಡದ ಕಡೆಗೆ ಮುಖಮಾಡುತ್ತವೆ. ಮುರಿದ ಎಲುಬು ತಿರುಚಿಕೊಂಡಿದ್ದರೆ ಆ ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂಡುತ್ತದೆ. ಅಂಗೈ ಎಲುಬಿನಲ್ಲಿ 5 ಡಿಗ್ರಿಯಷ್ಟು ತಿರುಚು ಇದ್ದರೂ ಬೆರಳಿನ ತುದಿಯಲ್ಲಿ ಅದು ಸುಮಾರು ಒಂದೂವರೆ ಸೆಂಟಿಮೀಟರು ಅಡ್ಡಹಾಯುವಿಕೆಯಾಗಿ ಕಾಣುತ್ತದೆ. ಬುಡದ ಸಣ್ಣ ತಪ್ಪು ತುದಿಯಲ್ಲಿ ದೊಡ್ಡದಾಗುವುದೆಂಬುದು ಮಕ್ಕಳನ್ನು ಕಲಿಸಿದವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಮಾಸ್ತರರ ಬೆರಳು ತಿರುಚಿರಲಿಲ್ಲ. ಅವರದು ಕಿರುಬೆರಳಿನ ಅಂಗೈ ಎಲುಬಿನ ಕುತ್ತಿಗೆಯ ಮುರಿತ. ಕೈಯೊಂದರಲ್ಲಿ 27 ಎಲುಬುಗಳಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಅಂಗೈಯ ಐದರಲ್ಲಿ ತೋರುಬೆರಳಿನದು ಮತ್ತು ನಡುಬೆರಳಿನದು ಕಂಬದಂತೆ ಅಲುಗಾಡದೆ ನಿಂತಿವೆ. ಕಿರುಬೆರಳಿನ ಎಲುಬಿಗೆ ಬುಡದಲ್ಲಿ ಸಾಕಷ್ಟು ಸಡಿಲಿಕೆಯಿದೆ. ಆದುದರಿಂದ ಅದು ಸ್ವಲ್ಪ ಬಾಗಿ ಕೂಡಿಕೊಂಡರೂ ಕೈ ಆ ಬಾಗನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಅಷ್ಟೇ ಬಾಗು ತೋರುಬೆರಳಿನಲ್ಲಿದ್ದರೆ ಸಹಿಸದು.

"ನಿಮಗೆ ಬೇಕಾದುದು ಪ್ಲೇಟಲ್ಲ, ಪಟ್ಟಿ" ಎಂದು ವೈದ್ಯರು ಕಿರುಬೆರಳನ್ನು ಉಂಗುರಬೆರಳಿಗೆ ಜೊತೆಮಾಡಿ ಸುತ್ತಿದರು. "ಗೆಣ್ಣು ಮೊದಲಿನಷ್ಟು ಎದ್ದು ಕಾಣಲಿಕ್ಕಿಲ್ಲ. ಅಂಗೈ ಮಾತ್ರ ನಿಮ್ಮದೇ."

ಮಾಸ್ತರರಿಗೆ ಸಮಾಧಾನಕ್ಕಿಂತ ನಿರಾಶೆಯೇ ಹೆಚ್ಚಾಯಿತು. ಲೋಹ ಹಾಕಿದ ಚಿಕಿತ್ಸೆಯೇ ಮೇಲು, ಪಟ್ಟಿ ಸುತ್ತುವುದು ಹಳ್ಳಿಯ ಮದ್ದು ಎಂಬ ಭಾವನೆ ಅವರದಾಗಿತ್ತು. ಆದರೂ ಮೂರು ವಾರದಲ್ಲಿ ಊತ ಇಳಿಯಿತು. ನಾಲ್ಕನೆಯ ವಾರ ಲಿಂಗ ಕರಸ್ಥಲದಲ್ಲಿ ನಡುಗದೆ ನಿಂತಿತು. ಆಗ ಅವರಿಗೆ ಕುತೂಹಲ ಹುಟ್ಟಿತು. ಶಾಲೆ ಬಿಟ್ಟರೂ ಶಾಲೆಯ ಬುದ್ಧಿ ಬಿಡದ ಜೀವ. ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿದರು. ಚಿಕಿತ್ಸೆಯ ಬಗೆ, ಗುಣ, ದೋಷ, ಖರ್ಚು, ಗಡುವು. ಆಸ್ಪತ್ರೆಯ ಬೆಂಚಿನ ಮೇಲೆ ಜೊತೆಯಾಗಿ ಕುಳಿತು ಪರಿಚಯವಾದ ಮೂವರ ಕೈಗಳು ಆ ಮನೆಗಳನ್ನು ತುಂಬಿದವು.

ಮೊದಲನೆಯ ಕೈ ಶಿರಸಿ ಸೀಮೆಯ ಒಬ್ಬ ಕೊನೆ ಕೊಯ್ಯುವವನದು. ಅಲ್ಲಿಯ ಮಾತಿನಲ್ಲಿ ಕೊನೆಗೌಡ. ಅಡಿಕೆಯ ಮರದ ತಲೆಯಲ್ಲಿ ಕುಳಿತು, ಒಂದು ಮರದಿಂದ ಇನ್ನೊಂದನ್ನು ಬಾಗಿಸಿ ಹಿಡಿದು ದಾಟಿ, ಕೊಯ್ದ ಕೊನೆಯನ್ನು ಹಗ್ಗದಲ್ಲಿ ಇಳಿಬಿಡುವ ಈ ವಿದ್ಯೆ ಬಲ್ಲವರು ಈಗ ವಿರಳ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರೂ ಇವರೇ. ಅವನು ಇಳಿಯುವಾಗ ಆಳೆತ್ತರದಿಂದ ಜಾರಿ ತೋಟದ ಕಾಲುವೆಯ ಕಲ್ಲಿನ ಮೇಲೆ ಬಿದ್ದ. ಬೆನ್ನು ಉಳಿದದ್ದು ಪುಣ್ಯ. ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ಅಂಗೈ ಎಲುಬುಗಳೆರಡೂ ಓರೆಯಾಗಿ ಮುರಿದು ಒಂದರ ಮೇಲೊಂದು ಸರಿದಿದ್ದವು.

ಇಲ್ಲಿ ಪಟ್ಟಿ ಸಾಲದು. ಪಕ್ಕಪಕ್ಕದ ಎರಡು ಎಲುಬು ಮುರಿದರೆ ಒಂದಕ್ಕೊಂದು ಆಸರೆಯಾಗುವ ಗೋಡೆಯೇ ಕುಸಿದಂತೆ. ಅಂಗೈ ಎಲುಬು 2 ಮಿಲಿಮೀಟರು ಗಿಡ್ಡವಾದರೂ ಬೆರಳನ್ನು ನೆಟ್ಟಗೆ ಮಾಡುವಲ್ಲಿ ಸುಮಾರು 7 ಡಿಗ್ರಿ ಕೊರತೆ ಬೀಳುತ್ತದೆ ಎಂಬುದು ಪ್ರಯೋಗದಿಂದ ತಿಳಿದ ಲೆಕ್ಕ. ಆದುದರಿಂದ ಮುಂಗೈಯ ಚರ್ಮ ಬಿಡಿಸಿ, ಎಲುಬುಗಳನ್ನು ಅವುಗಳ ಉದ್ದಕ್ಕೆ ತಂದು, ಸಣ್ಣ ಪ್ಲೇಟುಗಳನ್ನು ಸ್ಕ್ರೂಗಳಿಂದ ಬಿಗಿದರು. ಇದರ ದೊಡ್ಡ ಗುಣವೆಂದರೆ ಭದ್ರತೆ. ಎಲುಬು ಅಲುಗದೆ ನಿಂತಿರುವುದರಿಂದ ಕೆಲವೇ ದಿನಗಳಲ್ಲಿ ಬೆರಳಾಡಿಸಬಹುದು. ಮುರಿದ ಎಲುಬನ್ನು ಬಿಗಿಯಾಗಿ ನಿಲ್ಲಿಸಿ ಕೀಲನ್ನು ಬೇಗ ಚಲಿಸಬೇಕೆಂಬ ಈ ತತ್ತ್ವವನ್ನು ಪಂಥವಾಗಿ ಬೆಳೆಸಿದವರು 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಟ್ಟುಗೂಡಿದ ಶಸ್ತ್ರವೈದ್ಯರ ತಂಡ, ಏ.ಓ. ಎಂಬ ಹೆಸರಿನಿಂದ ಅದು ಜಗತ್ತಿಗೆಲ್ಲ ಪರಿಚಿತ.

ಕೊನೆಗೌಡ ಕೇಳಿದ ಪ್ರಶ್ನೆ ಒಂದೇ: "ಹಗ್ಗ ಹಿಡಿಯಲಿಕ್ಕೆ ಯಾವಾಗ ಆಗ್ತದೆ, ಮಾಸ್ತರ್ರೇ?" ಬೆರಳಾಡಿಸುವುದು ಬೇರೆ, ದೇಹದ ಭಾರ ತಡೆಯುವುದು ಬೇರೆ. ಆ ವರ್ಷದ ಕೊಯ್ಲು ಅವನಿಗೆ ತಪ್ಪಿತು. ಮರುವರ್ಷ ಮರ ಹತ್ತಿದ. ಚಳಿಯ ಮುಂಜಾವಿನಲ್ಲಿ ಮುಂಗೈಯ ಚರ್ಮದಡಿ ಲೋಹ ಕೊರೆಯುತ್ತದಂತೆ. ಬೇಕೆನಿಸಿದರೆ ಎಂದಾದರೂ ತೆಗೆಸಬಹುದು. ಮಾಸ್ತರರು ಪ್ಲೇಟಿನ ಮನೆಯಲ್ಲಿ ಬರೆದರು: "ಉತ್ತಮ."

ಎರಡನೆಯ ಕೈ ಆ ಅಭಿಪ್ರಾಯವನ್ನು ತಿದ್ದಿತು. ಅದು ಸಿದ್ದಾಪುರದ ಕಡೆಯ ಒಬ್ಬ ಮದ್ದಳೆಗಾರನದು. ಯಕ್ಷಗಾನದ ಹಿಮ್ಮೇಳದಲ್ಲಿ ಬೆರಳು ಬೆರಳಿಗೂ ಬೇರೆ ನುಡಿ. ಮೋಟಾರುಬೈಕಿನಿಂದ ಬಿದ್ದು ಬಲಗೈಯ ಉಂಗುರಬೆರಳಿನ ಮೊದಲ ಎಲುಬು, ಅಂದರೆ ಗೆಣ್ಣಿಗೆ ತಗುಲಿದ ಉದ್ದದ ಎಲುಬು, ಓರೆಯಾಗಿ ಸೀಳಿತ್ತು. ಮುಷ್ಟಿ ಕಟ್ಟಿದರೆ ಆ ಬೆರಳು ನಡುಬೆರಳಿನ ಮೇಲೇರುತ್ತಿತ್ತು. ಅವನೂ ಪ್ಲೇಟನ್ನೇ ಕೇಳಿದ. ಮಾಸ್ತರರೂ ಕೊನೆಗೌಡನ ಉದಾಹರಣೆ ಕೊಟ್ಟು ಅನುಮೋದಿಸಿದರು. ವೈದ್ಯರು ಒಪ್ಪಲಿಲ್ಲ.

ಕಾರಣ ಬೆರಳಿನ ರಚನೆಯಲ್ಲಿಯೇ ಇದೆ. ಅಂಗೈ ಎಲುಬಿನ ಸುತ್ತ ಸ್ನಾಯುವಿನ ಮೆತ್ತೆಯಿದೆ. ಬೆರಳಿನ ಎಲುಬಿಗೆ ಆ ಭಾಗ್ಯವಿಲ್ಲ. ಅದರ ಬೆನ್ನಿಗೆ ಅಂಟಿಕೊಂಡಂತೆ, ತೆಳುವಾದ ಹಾಳೆಯಾಗಿ, ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜು ಹಾದುಹೋಗುತ್ತದೆ. ಹಳ್ಳಿಯವರು ನರ ಎನ್ನುವುದು ಇದನ್ನೇ. ಪ್ಲೇಟು ಕೂರಿಸಲು ಅದನ್ನು ಸರಿಸಬೇಕು. ಗಾಯ ಮಾಯುವಾಗ ರಜ್ಜು ಎಲುಬಿಗೂ ಲೋಹಕ್ಕೂ ಅಂಟಿಕೊಂಡರೆ ಚಿತ್ರದಲ್ಲಿ ಎಲುಬು ಅಂದವಾಗಿ ಕಂಡರೂ ಬೆರಳು ಮಡಚದು. ಕೈಯ ಮುರಿತಗಳಿಗೆ ಪ್ಲೇಟು ಹಾಕಿದವರನ್ನು ಪರಿಶೀಲಿಸಿ ಪೇಜ್ ಮತ್ತು ಸ್ಟರ್ನ್ ಎಂಬ ಅಮೆರಿಕದ ವೈದ್ಯರು 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂರರಲ್ಲಿ ಒಂದಕ್ಕೂ ಮಿಕ್ಕಿದ ಮುರಿತಗಳಲ್ಲಿ ಬಿಗಿತವೇ ಮೊದಲಾದ ದೊಡ್ಡ ತೊಡಕುಗಳು ಕಂಡುಬಂದಿದ್ದವು. ಅಂಗೈಗಿಂತ ಬೆರಳಿನಲ್ಲಿ ಫಲ ಕೆಳಮಟ್ಟದ್ದಾಗಿತ್ತು.

ಇಂತಹ ಕಡೆ ಉಪಯೋಗಕ್ಕೆ ಬರುವುದು ಸರಳವಾದ ತಂತಿ. ಜರ್ಮನಿಯ ಮಾರ್ಟಿನ್ ಕಿರ್ಷನರ್ 1909ರಲ್ಲಿ ಬಳಕೆಗೆ ತಂದ, ಅವನ ಹೆಸರಿನಿಂದಲೇ ಕರೆಯಲ್ಪಡುವ ಚೂಪುತುದಿಯ ಉಕ್ಕಿನ ತಂತಿ. ಬೆರಳಿಗೆ ಬಳಸುವುದು ಹೆಚ್ಚಾಗಿ ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದ್ದು. ಚರ್ಮ ಕೊಯ್ಯದೆ, ಕ್ಷಕಿರಣದ ಪರದೆ ನೋಡುತ್ತ, ಎಲುಬನ್ನು ಕೈಯಿಂದಲೇ ಸರಿಯಾಗಿ ಕೂರಿಸಿ ತಂತಿಯನ್ನು ಹಾಯಿಸುತ್ತಾರೆ. ತುದಿ ಹೊರಗೆ ಉಳಿಯುತ್ತದೆ. ಮೂರು-ನಾಲ್ಕು ವಾರದ ಮೇಲೆ ಎಳೆದು ತೆಗೆಯುತ್ತಾರೆ. ದೋಷಗಳೂ ಉಂಟು. ಪ್ಲೇಟಿನಷ್ಟು ಬಿಗಿಯಲ್ಲ. ತಂತಿಯ ಬಾಯಿಗೆ ಕೀವಾಗಬಹುದು, ಅದರಲ್ಲಿಯೂ ಮಲೆನಾಡಿನ ಮಳೆಯಲ್ಲಿ ಕೈ ಒಣಗಿಸಿಟ್ಟುಕೊಳ್ಳುವುದೇ ಒಂದು ವ್ರತ. ಕೆಲವೊಮ್ಮೆ ತಂತಿ ಜಾರಿ ಸಡಿಲಾಗುವುದೂ ಉಂಟು.

ಹಾಗಾದರೆ ತಂತಿ ಬಡವರ ಚಿಕಿತ್ಸೆಯೋ? ಮಾಸ್ತರರ ಈ ಪ್ರಶ್ನೆಗೆ ವೈದ್ಯರು 2003ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಒಂದು ಪರೀಕ್ಷೆಯ ವಿವರ ಹೇಳಿದರು. ಬೆರಳಿನ ಮೊದಲ ಎಲುಬು ಓರೆಯಾಗಿ ಮುರಿದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚರ್ಮ ತೆರೆಯದೆ ತಂತಿಯನ್ನೂ ಇನ್ನೊಂದಕ್ಕೆ ತೆರೆದು ಸ್ಕ್ರೂಗಳನ್ನೂ ಹಾಕಿ ನೋಡಿದ ಪರೀಕ್ಷೆ. ರೋಗಿಗಳ ಸಂಖ್ಯೆ ದೊಡ್ಡದಲ್ಲ, ಮೂವತ್ತರ ಆಸುಪಾಸು. ಕೊನೆಯಲ್ಲಿ ಬೆರಳಿನ ಚಲನೆಯಲ್ಲಾಗಲಿ ಹಿಡಿತದಲ್ಲಾಗಲಿ ಎರಡು ಗುಂಪುಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ.

ಮದ್ದಳೆಗಾರನಿಗೆ ಪೂರ್ತಿ ಅರಿವಳಿಕೆ ಕೊಡಲಿಲ್ಲ. ಕೈಗಷ್ಟೇ ಮದ್ದು ಚುಚ್ಚಿದರು. ಬೆರಳಿಗೆ ಅಡ್ರಿನಲಿನ್ ಬೆರೆಸಿದ ಮದ್ದು ಕೊಟ್ಟರೆ ರಕ್ತ ನಿಂತು ಬೆರಳೇ ಸಾಯುತ್ತದೆಂಬ ಭಯ ವೈದ್ಯಲೋಕದಲ್ಲಿ ಬಹುಕಾಲ ಇತ್ತು. ಕೆನಡಾದ ಡೊನಾಲ್ಡ್ ಲಲೋಂಡ್ ಮತ್ತು ಅವರ ಸಂಗಡಿಗರು ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ಭಯವನ್ನು ಬಹುಮಟ್ಟಿಗೆ ನಿವಾರಿಸಿದರು. ಇದರಿಂದ ದೊರೆತ ಲಾಭ ಅಪೂರ್ವವಾದುದು: ರೋಗಿ ಎಚ್ಚರವಾಗಿಯೇ ಇರುತ್ತಾನೆ, ಹೇಳಿದಾಗ ಬೆರಳು ಮಡಚುತ್ತಾನೆ. ಮೊದಲ ಸಲ ಮಡಚಿದಾಗ ಮದ್ದಳೆಗಾರನ ಬೆರಳು ಕೂದಲೆಳೆಯಷ್ಟು ಅಡ್ಡ ಬಂತು. ತಂತಿ ತೆಗೆದು ಮತ್ತೆ ಹಾಯಿಸಿದರು. ಎರಡನೆಯ ಸಲ ನಾಲ್ಕು ಉಗುರುಗಳೂ ಸಾಲಿಗೆ ಬಂದವು. ಶ್ರುತಿ ಸರಿಯಾಯಿತೆಂದು ಮೊದಲು ತಿಳಿದವನು ಮದ್ದಳೆಗಾರನೇ.

ಮಾಸ್ತರರ ಪಟ್ಟಿಯಲ್ಲಿ ಇನ್ನೂ ಕೆಲವು ಬಗೆಗಳು ಸೇರಿದವು. ಉದ್ದವಾಗಿ ಓರೆಯಾದ ಮುರಿತಕ್ಕೆ ಪ್ಲೇಟಿಲ್ಲದೆ ಬರಿಯ ಸ್ಕ್ರೂಗಳನ್ನು ಹಾಕುವುದುಂಟು. ಆಸ್ಟ್ರೇಲಿಯದ ಹರ್ಬರ್ಟ್ ಮಣಿಕಟ್ಟಿನ ಎಲುಬಿಗೆಂದು ರೂಪಿಸಿ 1984ರಲ್ಲಿ ಪ್ರಕಟಪಡಿಸಿದ ತಲೆಯಿಲ್ಲದ ಸ್ಕ್ರೂವಿನ ಮಾದರಿಯನ್ನು, 2010ರ ಈಚೆಗೆ ಅಂಗೈ ಎಲುಬಿನ ಒಳಗೇ ಉದ್ದಕ್ಕೆ ತೂರಿಸುವ ಪದ್ಧತಿ ಹರಡುತ್ತಿದೆ. ಕೊಯ್ತ ಚಿಕ್ಕದು, ಚಲನೆ ಬೇಗ, ಆದರೆ ಗೆಣ್ಣಿನ ನುಣುಪು ಮುಖವನ್ನೇ ಕೊರೆದು ಒಳಹೋಗಬೇಕು. ಕೀಲಿನ ಒಳಗೇ ಎಲುಬು ನುಚ್ಚಾದರೆ ತಂತಿಗಳ ಚೌಕಟ್ಟು ಕಟ್ಟಿ ರಬ್ಬರು ಸುತ್ತುಗಳಿಂದ ಬೆರಳನ್ನು ಮುಂದಕ್ಕೆ ಜಗ್ಗಿ ಹಿಡಿಯುವ ಉಪಾಯವನ್ನು ಜಪಾನಿನ ಸುಝುಕಿ ಮತ್ತು ಸಂಗಡಿಗರು 1994ರಲ್ಲಿ ತೋರಿಸಿಕೊಟ್ಟರು. ಬಗೆಗಳು ಇಷ್ಟಾದ ಮೇಲೆ ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲವೆಂದು ಮಾಸ್ತರರಿಗೆ ತೋರಿತು. ಯಾವ ಎಲುಬು, ಯಾವ ಮುರಿತ, ಯಾವ ಕಾಯಕದ ಕೈ ಎಂದೇ ಕೇಳಬೇಕು. ಕೋಷ್ಟಕ ಪೂರ್ಣವಾಯಿತೆಂದು ಭಾವಿಸಿದರು.

ಅದು ಪೂರ್ಣವಾಗಿರಲಿಲ್ಲವೆಂದು ತೋರಿಸಿದುದು ಮೂರನೆಯ ಕೈ. ಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬನ ತಾಯಿ, ಯಲ್ಲಾಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು ಅವಳ ದುಡಿಮೆ. ಮೆಟ್ಟುಗತ್ತಿಯ ಮುಂದೆ ಕುಳಿತರೆ ಅವಳ ಸಮಕ್ಕೆ ಸುಲಿಯುವವರು ಸುತ್ತಿನಲ್ಲಿ ಇರಲಿಲ್ಲವಂತೆ. ಈಚೆಗೆ ಊರಿಗೆ ಸುಲಿಯುವ ಯಂತ್ರ ಬಂದಿತ್ತು. ಸಿಕ್ಕಿಕೊಂಡ ಸಿಪ್ಪೆ ಬಿಡಿಸಹೋದಾಗ ಬಲಗೈಯ ನಡುಬೆರಳು ಒಳಸೇರಿತು. ಗಾಯವೂ ಮುರಿತವೂ ಒಟ್ಟಿಗೆ, ಅದೂ ನಡುಗೆಣ್ಣಿನ ಪಕ್ಕದಲ್ಲಿಯೇ.

ಚಿಕಿತ್ಸೆಯಲ್ಲಿ ಲೋಪವಾಗಲಿಲ್ಲ. ಗಾಯ ತೊಳೆದರು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು, ಜಜ್ಜಿದ ಗಾಯದಲ್ಲಿ ಪ್ಲೇಟು ಬೇಡವೆಂದು ಎರಡು ತಂತಿ ಹಾಕಿದರು. ನಾಲ್ಕು ವಾರಕ್ಕೆ ಬಂದು ತಂತಿ ತೆಗೆಸಬೇಕು, ಆಮೇಲೆ ವಾರಕ್ಕೊಮ್ಮೆ ಬಂದು ವ್ಯಾಯಾಮ ಕಲಿಯಬೇಕು ಎಂದು ಹೇಳಿ ಕಳಿಸಿದರು. ಅವಳು ಬಂದುದು ಏಳನೆಯ ವಾರ. ಎಲುಬು ಚೆನ್ನಾಗಿ ಕೂಡಿತ್ತು. ಬೆರಳು ಮಾತ್ರ ಕಡ್ಡಿಯಂತೆ ನೆಟ್ಟಗೆ ನಿಂತುಬಿಟ್ಟಿತ್ತು. ಮುಷ್ಟಿ ಕಟ್ಟಿದರೆ ಮೂರು ಬೆರಳು ಮಡಚುತ್ತಿದ್ದವು, ನಡುವಿನದು ಎಲ್ಲಕ್ಕೂ ಅಡ್ಡ. ಅಡಿಕೆ ಹಿಡಿಯಲಿಕ್ಕಾಗದು, ಕೊಡದ ಕಂಠಕ್ಕೆ ಕೈ ಹೋಗದು.

"ಯಾಕಮ್ಮಾ, ಹೇಳಿದ ದಿನಕ್ಕೆ ಬರಲಿಲ್ಲ?" ಎಂದು ಮಾಸ್ತರರು ಸ್ವಲ್ಪ ಗಡುಸಾಗಿಯೇ ಕೇಳಿದರು. 2023ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆಯಲ್ಲ ಎಂಬುದು ಅವರ ಮನಸ್ಸಿನಲ್ಲಿತ್ತು.

"ಬಸ್ಸಿಗೆ ದುಡ್ಡಿಲ್ಲ ಅಂತಲ್ಲ, ಮಾಸ್ತರ್ರೇ. ನಮ್ಮೂರಿಂದ ಬಸ್ಸಿನ ರಸ್ತೆಗೆ ನಡೀಬೇಕು. ಬಂದು ಹೋಗೂದಂದ್ರೆ ಒಂದು ದಿನ ಹೋತು. ಒಂದು ಕೈಯಾಗೇ ಅಡಿಕೆ ಹೆಕ್ಕೂ ಕೆಲಸ ಕೊಟ್ಟಿದ್ರು. ಅದನ್ನೂ ಬಿಟ್ರೆ ಮನೆ ನಡೆಯೂದು ಹ್ಯಾಂಗೆ? ನೋವಿರಲಿಲ್ಲ, ಎಲುಬು ಕೂಡ್ತದೆ ಅಂದ್ಕೊಂಡು ಸುಮ್ಮನಾದೆ."

ಮಾಸ್ತರರು ತಲೆ ತಗ್ಗಿಸಿದರು. ತಂತಿ ಸರಿಯಾದ ಆಯ್ಕೆಯೇ ಆಗಿತ್ತು. ಆದರೆ ತಂತಿಯ ಜೊತೆಗೆ ಮೂರು-ನಾಲ್ಕು ಪ್ರಯಾಣಗಳೂ ಅಷ್ಟೇ ದಿನಗಳ ಕೂಲಿಯೂ ಚಿಕಿತ್ಸೆಯ ಭಾಗವೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಅವರ ನೋಟುಪುಸ್ತಕದಲ್ಲಿಯೂ ಆ ಮನೆ ಇರಲಿಲ್ಲ. ಅಂದು ರಾತ್ರಿ ಕೋಷ್ಟಕದ ಅಂಚಿನಲ್ಲಿ ಇನ್ನೊಂದು ಗೆರೆ ಎಳೆದು ಮೇಲೆ ಬರೆದರು: "ಆಮೇಲೆ ಯಾರು ನೋಡಿಕೊಳ್ಳುವರು?"

ಭಾರತದಲ್ಲಿ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡವರಿದ್ದರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯ ವರ್ಷಗಳಲ್ಲಿ ವೆಲ್ಲೂರಿನಲ್ಲಿ ಕುಷ್ಠರೋಗದಿಂದ ಮಡಚಿಹೋದ ಕೈಗಳಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದರು. ಕೈ ಬಿಡಿಸಿದರೆ ಸಾಲದು, ಆ ಕೈಗೆ ಮತ್ತೆ ಕೆಲಸ ಬರಬೇಕು ಎಂದು ಅವರಿಗೆ ಬೇಗನೆ ತಿಳಿಯಿತು. ಗುಣವಾದವರಿಗೆ ಮರಗೆಲಸವೇ ಮೊದಲಾದ ಉದ್ಯೋಗ ಕಲಿಸುವ ಕೇಂದ್ರವೊಂದು ಅಲ್ಲಿಯೇ ಹುಟ್ಟಿದುದು ಈ ತಿಳಿವಿನಿಂದ. ಹನ್ನೆರಡನೆಯ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನಿಗೂ ಸ್ಥಾನವಿತ್ತು ಎಂಬುದನ್ನು ಮಾಸ್ತರರು ಎಷ್ಟೋ ಸಲ ಪಾಠ ಹೇಳಿದ್ದರು. ವೈದ್ಯವೂ ಕಾಯಕವೆಂದ ಮೇಲೆ ಅದರ ಬೆನ್ನಿಗೆ ದಾಸೋಹ ಬೇಡವೇ ಎಂಬ ಯೋಚನೆ ಬಂದುದು ಈಗ.

ಹುಡುಗನ ತಾಯಿಯ ಬೆರಳಿಗೆ ವೈದ್ಯರು ಎರಡು ದಾರಿ ಹೇಳಿದರು. ಕೆಲವು ತಿಂಗಳು ವ್ಯಾಯಾಮ. ಅದರಿಂದ ಸಾಲದಿದ್ದರೆ ಅಂಟಿದ ರಜ್ಜುವನ್ನು ಬಿಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆ, ಅದರ ಮೇಲೆ ಮತ್ತೆ ವ್ಯಾಯಾಮ. ಯಾವ ದಾರಿಯಾದರೂ ವ್ಯಾಯಾಮ ತಪ್ಪದು. ಮಾಸ್ತರರು ಹುಡುಗನನ್ನೇ ಕರೆದುಕೊಂಡು ಹೋಗಿ ವ್ಯಾಯಾಮ ಕಲಿಸುವವರ ಮುಂದೆ ಕೂರಿಸಿದರು. ಬೆಚ್ಚಗಿನ ನೀರಿನಲ್ಲಿ ಕೈ ಅದ್ದುವುದು, ಬುಡದ ಗೆಣ್ಣನ್ನು ಇನ್ನೊಂದು ಕೈಯಿಂದ ಹಿಡಿದು ನಡುಗೆಣ್ಣನ್ನಷ್ಟೇ ಮಡಚುವುದು, ಬೆರಳನ್ನು ಮೊದಲು ನೆಟ್ಟಗೆ, ಆಮೇಲೆ ಕೊಕ್ಕೆಯಂತೆ, ಆಮೇಲೆ ಮುಷ್ಟಿಯಾಗಿ ಮಾಡುವುದು, ದಿನಕ್ಕೆ ಹಲವು ಸಲ. ಹುಡುಗ ಅದನ್ನು ಮಗ್ಗಿ ಕಲಿತಂತೆ ಕಲಿತ. ಪ್ರತಿ ಶನಿವಾರ ಊರಿಗೆ ಹೋಗುವ ಅನುಮತಿಯನ್ನು ಪ್ರಸಾದನಿಲಯದಿಂದ ಕೊಡಿಸಲಾಯಿತು.

ಬೆರಳು ಪೂರ್ತಿ ಮಡಚಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಸುಗ್ಗಿ ಕಳೆದು ಮಳೆ ಹಿಡಿಯುವ ಹೊತ್ತಿಗೆ ಅರ್ಧದಷ್ಟು ಮಡಚಿತು. ಕೊಡದ ಕಂಠ ಹಿಡಿಯುವಷ್ಟಾಯಿತು. ಮೆಟ್ಟುಗತ್ತಿಯ ಮುಂದಿನ ಹಳೆಯ ವೇಗ ಬರಲಿಲ್ಲ. ಬರುವುದೆಂದು ವೈದ್ಯರೂ ಹೇಳಲಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆಯ ಮಾತಿಗೆ ಅವಳು, "ಮುಂದಿನ ಸುಗ್ಗಿ ಕಳೀಲಿ, ನೋಡುವಾ" ಎಂದಳು.

ಮಾಸ್ತರರ ನೋಟುಪುಸ್ತಕ ಈಗ ಶಾಲೆಯ ಗ್ರಂಥಾಲಯದಲ್ಲಿದೆ. ಪಟ್ಟಿ, ತಂತಿ, ಸ್ಕ್ರೂ, ಪ್ಲೇಟು, ಚೌಕಟ್ಟು ಎಂಬ ಸಾಲುಗಳ ಮುಂದೆ ಅವರು ಮೊದಲು ಬರೆದಿದ್ದ "ಉತ್ತಮ", "ಮಧ್ಯಮ" ಎಂಬ ಮಾತುಗಳೆಲ್ಲ ಹೊಡೆದುಹಾಕಲ್ಪಟ್ಟಿವೆ. ಕೊನೆಯ ಮನೆ ಮಾತ್ರ ಎಲ್ಲ ಸಾಲುಗಳಲ್ಲಿಯೂ ಖಾಲಿಯಾಗಿಯೇ ಉಳಿದಿದೆ. ಅದನ್ನು ಒಬ್ಬ ವೈದ್ಯ ಒಬ್ಬನೇ ತುಂಬಲಾರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಕೈಯಿಂದಲೇ ಬದುಕುವವರ ಅನ್ನ ಉಂಡು ಬೆಳೆದ ಊರು, ಮಠ, ಶಾಲೆ ಎಲ್ಲವೂ ಸೇರಿ ತುಂಬಬೇಕಾದ ಮನೆ ಅದು.

ಅವರ ಎಡಗೈಯ ಕಿರುಬೆರಳಿನ ಗೆಣ್ಣು ಇಂದಿಗೂ ಸ್ವಲ್ಪ ತಗ್ಗಾಗಿದೆ. ಪೂಜೆಯ ಹೊತ್ತಿಗೆ ಲಿಂಗ ಅಲ್ಲಿ ನಿಶ್ಚಲವಾಗಿ ನಿಲ್ಲುತ್ತದೆ. ಪೂಜೆ ಮುಗಿದ ಮೇಲೆ ಅವರು ಎರಡೂ ಕೈಗಳನ್ನು ಒಮ್ಮೆ ಮಡಚಿ ಬಿಡಿಸುತ್ತಾರೆ. ಹಾಗೆ ಮಡಚುವಾಗ ಯಲ್ಲಾಪುರದ ಆ ತಾಯಿಯ ಅರ್ಧ ಮಡಚಿದ ಬೆರಳು ಅವರ ನೆನಪಿಗೆ ಬಾರದ ದಿನವಿಲ್ಲ.